ಮಳೆಗಾಲದಲ್ಲಿ ಕ್ಯಾಮೆರಾ ಕೈಕೊಡ್ತಿದ್ಯಾ? ಮೊದಲು ಇಷ್ಟು ನೋಡಿ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಮಳೆ ಹಿಡೀತು ಅಂದ್ರೆ ಕ್ಯಾಮೆರಾಕ್ಕೆ ದೊಡ್ಡ ಶತ್ರು ತೇವ. ಆಗುಂಬೆ, ಹುಲಿಕಲ್ ಸುತ್ತ ವರ್ಷಕ್ಕೆ 7,000 ಮಿ.ಮೀ. ಆಸುಪಾಸು ಮಳೆ. ರಿಪೇರಿಗೆ ಕೊಡೋ ಮುನ್ನ ಇವನ್ನು ಗಮನಿಸಿ.

ಫೋಟೊ ಮಂಜುಮಂಜು: ಎಸಿ ಕಾರಿಂದ ಇಳಿದು ಜೋಗದಲ್ಲಿ ಕ್ಯಾಮೆರಾ ತೆಗೆದ ಕೂಡಲೇ ತಣ್ಣಗಿನ ಗಾಜಿಗೆ ಹನಿ ಕಟ್ಟುತ್ತೆ. ಅರ್ಧ ಗಂಟೆ ಮುಚ್ಚಿದ ಬ್ಯಾಗಲ್ಲೇ ಬಿಡಿ. ಲೆನ್ಸ್ ಬಿಚ್ಚಬೇಡಿ.

ಲೆನ್ಸ್ ಒಳಗೆ ಜೇಡರಬಲೆಯಂಥ ಗೆರೆ: ಅದು ಬೂಷ್ಟು. ಹೊರಗಿಂದ ಒರೆಸಿದ್ರೆ ಹೋಗಲ್ಲ. ಹಾಗೇ ಬಿಟ್ಟರೆ ಗಾಜಿನ ಲೇಪನವನ್ನೇ ತಿನ್ನುತ್ತೆ. ಬೇಗ ರಿಪೇರಿಯವರಿಗೆ ತೋರಿಸಿ.

ಕಾರ್ಡ್ ಎರರ್: ಕ್ಯಾಮೆರಾ ಆಫ್ ಮಾಡಿ, ಕಾರ್ಡನ್ನು ಒಣಬಟ್ಟೆಯಲ್ಲಿ ಒರೆಸಿ ಮತ್ತೆ ಹಾಕಿ. ಆಗಲೂ ಎರರ್ ಬಂದರೆ ಫಾರ್ಮ್ಯಾಟ್ ಒತ್ತಬೇಡಿ, ಅದರಲ್ಲಿ ಹೊಸ ಫೋಟೊನೂ ತೆಗೀಬೇಡಿ. ರಿಕವರಿ ಸಾಫ್ಟ್‌ವೇರ್‌ನಿಂದ ಹಳೇ ಫೋಟೊ ಬಹಳ ಸಲ ವಾಪಸ್ ಸಿಗುತ್ತವೆ. ಮದುವೆ ಫೋಟೊ ಎರಡನೇ ಸಲ ತೆಗೆಯೋಕಾಗಲ್ಲ.

ಒಳಗೆ ನೀರು ಹೋದರೆ: ಆನ್ ಮಾಡಿ ನೋಡಬೇಡಿ. ಬ್ಯಾಟರಿ, ಕಾರ್ಡ್ ತೆಗೆದು ರಿಪೇರಿಗೆ ಕೊಡಿ. ಅಡಿಕೆಯಂತೆ ಒಲೆ ಮೇಲೆ ಒಣಗಿಸೋದು ಬೇಡ.

ಇಡೋ ಕ್ರಮ: ಚರ್ಮದ ಕವರ್ ತೆಗೆದು, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ನೀಲಿ ಹರಳು ಗುಲಾಬಿಯಾದರೆ ತೇವ ಕುಡಿದಿದೆ ಅಂತ ಅರ್ಥ, ಬದಲಾಯಿಸಿ. ಡಬ್ಬಿಯೊಳಗಿನ ತೇವಾಂಶ ಶೇ. 40ರಿಂದ 50 ಇದ್ದರೆ ಸಾಕು. ವಾರಕ್ಕೊಮ್ಮೆ ಹೊರತೆಗೆದು ನಾಲ್ಕು ಫೋಟೊ ಹೊಡೀರಿ.