ಯಾರ ಮೆದುಳಿನ ಚಿತ್ರ?

ರೇಡಿಯೋದಲ್ಲಿ ಕೇಳುಗರ ಪತ್ರಗಳನ್ನು ಓದುವುದನ್ನು ನೀವು ಕೇಳಿರುವಿರಿ. ಪತ್ರ ಬರೆಯುವವರು ಕೆಲವರು. ಕೇಳಿ ಸುಮ್ಮನಾಗುವವರೇ ಹೆಚ್ಚು. ಪತ್ರಗಳನ್ನಷ್ಟೇ ನೋಡಿ ‘ಕೇಳುಗರೆಲ್ಲರ ಅಭಿಪ್ರಾಯವಿದು’ ಎನ್ನಲಾದೀತೆ? ಮೆದುಳಿನ ಚಿತ್ರ ತೆಗೆಯುವ ವಿಜ್ಞಾನಿಗಳಿಗೂ ಇದೇ ತೊಡಕು ಎದುರಾಗಿದೆ.

1971ರ ಅಕ್ಟೋಬರ್ 1ರಂದು ಲಂಡನ್ನಿನ ಆಸ್ಪತ್ರೆಯೊಂದರಲ್ಲಿ, ಹೌನ್ಸ್‌ಫೀಲ್ಡ್ ಎಂಬ ಎಂಜಿನಿಯರು ರಚಿಸಿದ ಯಂತ್ರ ಮೊದಲ ಬಾರಿಗೆ ರೋಗಿಯೊಬ್ಬರ ಮೆದುಳನ್ನು ಪದರಪದರವಾಗಿ ತೋರಿಸಿತು. ಅದು ಎಕ್ಸ್‌ರೇ ಯಂತ್ರ. ಆರೋಗ್ಯವಂತರನ್ನು ಸುಮ್ಮನೆ ಅದಕ್ಕೆ ಒಡ್ಡುವುದು ತರವಲ್ಲ. ಮುಂದೆ ಬಂದ ಎಂ.ಆರ್.ಐ. ಕಾಂತಶಕ್ತಿಯಿಂದ ನಡೆಯುವುದಾದ್ದರಿಂದ ಕಾಯಿಲೆಯಿಲ್ಲದವರೂ ತಾವಾಗಿ ಬಂದು ಅದರೊಳಗೆ ಮಲಗುವಂತಾಯಿತು.

ಹಾಗೆ ಬಂದವರು ಎಂಥವರು? ಬ್ರಿಟನ್ನಿನ ‘ಬಯೋಬ್ಯಾಂಕ್’ ಸಂಸ್ಥೆಯ ಕಥೆ ಕೇಳಿ. 2006ರಿಂದ 2010ರವರೆಗೆ, 40ರಿಂದ 69 ವಯಸ್ಸಿನ ಸುಮಾರು 92 ಲಕ್ಷ ಜನರಿಗೆ ಕರೆಯೋಲೆ ಹೋಯಿತು. ಬಂದವರು 5 ಲಕ್ಷ, ಎಂದರೆ ನೂರಕ್ಕೆ ಐದೂವರೆ ಮಂದಿ. ಇವರಲ್ಲಿಯೇ ಒಪ್ಪಿದವರ ಮೆದುಳಿನ ಚಿತ್ರ ತೆಗೆಯುವ ಕೆಲಸ 2014ರಲ್ಲಿ ಮೊದಲಾಗಿ, 2025ರಲ್ಲಿ ಲಕ್ಷದ ಗುರಿ ಮುಟ್ಟಿತು. ಶಹಬ್ಬಾಸ್ ಎನ್ನಬೇಕಾದ ಕೆಲಸವೇ! ಆದರೆ 2017ರಲ್ಲಿ ಲೆಕ್ಕ ತೆಗೆದಾಗ, ಈ 5 ಲಕ್ಷದವರಲ್ಲಿ ಬೀಡಿ ಸಿಗರೇಟು ಸೇದುವವರು, ಬೊಜ್ಜಿನವರು, ಬಡ ಬಡಾವಣೆಯವರು ದೇಶದ ಪ್ರಮಾಣಕ್ಕಿಂತ ಕಡಮೆಯೆಂದು ತಿಳಿಯಿತು. 70ರಿಂದ 74 ವಯಸ್ಸಿನವರ ಸಾವಿನ ಪ್ರಮಾಣವು ದೇಶದ ಒಟ್ಟು ಪ್ರಮಾಣಕ್ಕಿಂತ ಗಂಡಸರಲ್ಲಿ ನೂರಕ್ಕೆ 46, ಹೆಂಗಸರಲ್ಲಿ ನೂರಕ್ಕೆ 55ರಷ್ಟು ಕಡಮೆ. ಇದರ ಮೇಲೆ ಯಂತ್ರದ್ದೇ ಒಂದು ಜರಡಿ: ಮೈಯೊಳಗೆ ಕೆಲವು ಬಗೆಯ ಲೋಹವಿದ್ದವರು, ಇಕ್ಕಟ್ಟಿಗೆ ಅಂಜುವವರು ಅದರೊಳಗೆ ಹೋಗಲಾರರು.

ಇದರಿಂದೇನು ಕೆಟ್ಟಿತು ಎನ್ನುವಿರಾ? ನಿಮ್ಮ ತಂದೆಯವರ ಮೆದುಳು ವಯಸ್ಸಿಗೆ ಮೀರಿ ಕುಗ್ಗಿದೆಯೆ ಎಂದು ಹೇಳಲು ವೈದ್ಯರಿಗೊಂದು ಅಳತೆಗೋಲು ಬೇಕಷ್ಟೆ. ಗಟ್ಟಿಮುಟ್ಟಾದವರಿಂದಲೇ ಅದನ್ನು ಮಾಡಿದರೆ, ಸಾಧಾರಣ ಮುಪ್ಪೂ ರೋಗವಾಗಿ ಕಂಡೀತು.

ಧೂಮಪಾನಕ್ಕೂ ರೋಗಕ್ಕೂ ಇರುವ ನಂಟನ್ನು ತಿಳಿಯಲು ಇಂಥ ಗುಂಪು ಸಾಕೆಂದು ಕೆಲವು ಪಂಡಿತರ ವಾದ. ಬಹುಮಟ್ಟಿಗೆ ನಿಜವೂ ಹೌದು. ಆದರೂ ಆಯ್ಕೆಯ ಓರೆ ಒಮ್ಮೊಮ್ಮೆ ನಂಟನ್ನೂ ತಿರುಚುವುದುಂಟು. ಈಚೆಗೆ ಜನಗಣತಿಯೊಡನೆ ಹೋಲಿಸಿ, ವಿರಳವಾಗಿ ಬಂದ ಬಗೆಯವರಿಗೆ ಹೆಚ್ಚು ತೂಕ ಕೊಟ್ಟು ಲೆಕ್ಕ ತಿದ್ದುವವರೂ ಇದ್ದಾರೆ. ಅದಕ್ಕೂ ಅಂಥವರು ಕೆಲವರಾದರೂ ಬಂದಿರಬೇಕು.