ಹಂದಿ ಮಾಂಸ ಮುಟ್ಟದವರಿಗೂ ಲಾಡಿಹುಳದಿಂದ ಫಿಟ್ಸ್: ಅಗ್ರಹಾರದ ಮನೆ, ಅಂಗಡಿಯವರು ತಿಳಿದಿರಬೇಕಾದ ಸಂಗತಿ

ಮೈಸೂರು: ಚೆನ್ನಾಗಿ ಓಡಾಡಿಕೊಂಡಿದ್ದವರಿಗೆ ಇದ್ದಕ್ಕಿದ್ದಂತೆ ಫಿಟ್ಸ್ ಬರುತ್ತದೆ. ಸ್ಕ್ಯಾನ್ ಮಾಡಿಸಿದರೆ ಮೆದುಳಿನಲ್ಲಿ ಸಣ್ಣ ಗಂಟು. ‘ಇದು ಲಾಡಿಹುಳದ ಮರಿ, ಹಂದಿಯಲ್ಲೂ ಇರುತ್ತೆ’ ಎಂದು ಡಾಕ್ಟರು ಹೇಳಿದ ತಕ್ಷಣ ಮನೆಯವರ ಬಾಯಿಂದ ಬರುವ ಮಾತು ಒಂದೇ: ‘ನಾವು ಹಂದಿ ಮಾಂಸ ಮುಟ್ಟೋದೇ ಇಲ್ವಲ್ಲ ಸಾರ್!’

ಸಸ್ಯಾಹಾರಿ ಮನೆಗಳು ಬಹಳವಿರುವ ಅಗ್ರಹಾರದಂಥ ಹಳೆಯ ಬಡಾವಣೆಯಲ್ಲಿ ಈ ಪ್ರಶ್ನೆ ಸಹಜ. ಉತ್ತರ ಮಾತ್ರ ಹಲವರಿಗೆ ಗೊತ್ತಿಲ್ಲ. ಮೆದುಳಿಗೆ ಹೋಗುವ ಹುಳ ಹಂದಿ ಮಾಂಸದಿಂದ ನೇರವಾಗಿ ಬರುವುದಿಲ್ಲ. ಅದು ಬರುವುದು ಇನ್ನೊಬ್ಬ ಮನುಷ್ಯನ ಮಲದಲ್ಲಿರುವ ಮೊಟ್ಟೆಯಿಂದ. ಆ ಮೊಟ್ಟೆ ಸೊಪ್ಪು, ತರಕಾರಿ, ನೀರು, ತೊಳೆಯದ ಕೈ ಮೂಲಕ ಯಾರ ಹೊಟ್ಟೆಗೆ ಬೇಕಾದರೂ ಸೇರಬಹುದು.

ಒಂದೇ ಹುಳ, ಎರಡು ಕಾಯಿಲೆ

ಈ ಹುಳದ ವೈಜ್ಞಾನಿಕ ಹೆಸರು ಟೀನಿಯಾ ಸೋಲಿಯಂ. ಲಾಡಿಯ ಹಾಗೆ ಚಪ್ಪಟೆಯಾಗಿ, ಉದ್ದಕ್ಕೆ ಇರುವುದರಿಂದ ಕನ್ನಡದಲ್ಲಿ ಲಾಡಿಹುಳ. ಮನುಷ್ಯನ ಕರುಳಿನಲ್ಲಿ ಇದು ಹಲವು ಮೀಟರ್ ಉದ್ದ ಬೆಳೆಯುತ್ತದೆ, ವರ್ಷಗಟ್ಟಲೆ ಬದುಕುತ್ತದೆ. ದೊಡ್ಡ ಹುಳಕ್ಕೆ ಮನುಷ್ಯನ ಕರುಳೇ ಮನೆ. ಹಂದಿಯಲ್ಲಿ ಇರುವುದು ಅದರ ಮರಿ ಮಾತ್ರ.

ಮೊದಲ ಕಾಯಿಲೆ ಕರುಳಿನದು. ಮರಿ ಇರುವ ಹಂದಿ ಮಾಂಸವನ್ನು ಅರೆಬೆಂದ ಹಾಗೆ ತಿಂದರೆ ಆ ಮರಿ ಕರುಳಿನಲ್ಲಿ ಲಾಡಿಹುಳವಾಗುತ್ತದೆ. ಬಹಳ ಮಂದಿಗೆ ಏನೂ ತೊಂದರೆ ಕಾಣುವುದಿಲ್ಲ. ಕೆಲವರಿಗೆ ಸಣ್ಣಗೆ ಹೊಟ್ಟೆನೋವು, ಮಲದಲ್ಲಿ ಬಿಳಿ ಚಪ್ಪಟೆ ತುಂಡುಗಳು. ಇಂಥ ಒಂದೊಂದು ತುಂಡಿನಲ್ಲಿ ಸುಮಾರು 50,000 ಮೊಟ್ಟೆ ಇರಬಹುದು.

ಎರಡನೆಯದು ಅಪಾಯದ್ದು. ಆ ಮೊಟ್ಟೆ ಬಾಯಿಗೆ ಹೋದರೆ ಮರಿಗಳು ಹೊರಬಂದು, ಕರುಳಿನ ಗೋಡೆ ದಾಟಿ, ರಕ್ತದ ಜೊತೆ ಮಾಂಸಖಂಡ, ಕಣ್ಣು, ಮೆದುಳಿಗೆ ಹೋಗಿ ನೀರುಗುಳ್ಳೆಯಾಗಿ ಕೂರುತ್ತವೆ. ಹಂದಿಯ ಮೈಯಲ್ಲಿ ಆಗುವುದೂ ಇದೇ. ಬಯಲಲ್ಲಿ ಬಿದ್ದ ಮಲ ತಿಂದ ಹಂದಿಗೆ ಏನಾಗುತ್ತದೋ, ಮೊಟ್ಟೆ ನುಂಗಿದ ಮನುಷ್ಯನಿಗೂ ಅದೇ ಆಗುತ್ತದೆ. ಗುಳ್ಳೆ ಮೆದುಳಿನಲ್ಲಿ ಕೂತ ಕಾಯಿಲೆಗೆ ನ್ಯೂರೋಸಿಸ್ಟಿಸರ್ಕೋಸಿಸ್ ಎನ್ನುತ್ತಾರೆ. ಫಿಟ್ಸ್ ಬರುವುದಕ್ಕೆ ಕೆಲವು ತಿಂಗಳಿಂದ ಹಲವು ವರ್ಷ ಹಿಡಿಯಬಹುದು. ಹಾಗಾಗಿ ಎಲ್ಲಿ, ಏನು ತಿಂದಾಗ ಬಂತು ಎಂದು ಹುಡುಕಿ ಪ್ರಯೋಜನವಿಲ್ಲ.

ನ್ಯೂಯಾರ್ಕ್ ಹೇಳಿದ ಪಾಠ

1992ರಲ್ಲಿ ಪ್ರಕಟವಾದ ಒಂದು ವರದಿ ಈ ವಿಷಯವನ್ನು ಜಗತ್ತಿಗೆ ಸ್ಪಷ್ಟ ಮಾಡಿತು. ನ್ಯೂಯಾರ್ಕ್ ನಗರದಲ್ಲಿ ಹಂದಿ ಮಾಂಸವನ್ನು ಧರ್ಮದ ಕಾರಣಕ್ಕೆ ಮುಟ್ಟದ ಸಂಪ್ರದಾಯಸ್ಥ ಯಹೂದಿ ಸಮುದಾಯದ ನಾಲ್ವರಿಗೆ ಮೆದುಳಿನಲ್ಲಿ ಈ ಗುಳ್ಳೆ ಕಂಡಿತ್ತು. ಅವರ ಮನೆಗಳಲ್ಲಿ ಕೆಲಸಕ್ಕಿದ್ದ, ಹೊರದೇಶದಿಂದ ಬಂದಿದ್ದವರ ಕರುಳಿನ ಹುಳದಿಂದ ಮೊಟ್ಟೆ ಬಂದಿರಬೇಕು ಎಂಬುದು ತಜ್ಞರ ತೀರ್ಮಾನ.

ಇದನ್ನು ಓದಿ ಮನೆಗೆಲಸದವರನ್ನು ಅನುಮಾನಿಸುವುದು ತಪ್ಪು. ಊರ ಹೊರಗೆ ಎಲ್ಲೋ ಹೋಟೆಲಿನಲ್ಲಿ ಒಂದು ಸಲ ತಿಂದ ಮನೆಯ ಮಗನ ಹೊಟ್ಟೆಯಲ್ಲೂ ಹುಳ ಇರಬಹುದು. ಅವನ ಮೊಟ್ಟೆ ಅವನ ಕೈಯಿಂದಲೇ ಅವನ ಬಾಯಿಗೂ ಹೋಗಬಹುದು.

ನಮ್ಮ ಕಡೆ ಎಷ್ಟಿದೆ?

ಬೆಂಗಳೂರಿನ ನಿಮ್ಹಾನ್ಸ್ ತಜ್ಞರು ಬೆಂಗಳೂರು ಸುತ್ತಮುತ್ತ ಒಂದು ಲಕ್ಷಕ್ಕೂ ಹೆಚ್ಚು ಜನರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಸಾವಿರಕ್ಕೆ 8.8 ಜನರಿಗೆ ಮೂರ್ಛೆರೋಗ ಕಂಡುಬಂತು. ಹಳ್ಳಿಗಳಲ್ಲಿ 11.9, ನಗರದಲ್ಲಿ 5.7. ಇದಕ್ಕೆಲ್ಲ ಲಾಡಿಹುಳವೇ ಕಾರಣವಲ್ಲ. ಆದರೆ ಹುಳದ ಹಾವಳಿ ಇರುವ ಕಡೆ ಸುಮಾರು 30 ಶೇಕಡಾ ಮೂರ್ಛೆರೋಗಕ್ಕೆ ಇದೇ ಕಾರಣ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಪಕ್ಕದ ತಮಿಳುನಾಡಿನ ವೇಲೂರಿನಲ್ಲಿ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನವರು ನಡೆಸಿದ ಅಧ್ಯಯನದಲ್ಲೂ ಲೆಕ್ಕ ಹೆಚ್ಚು ಕಡಿಮೆ ಮೂರಕ್ಕೆ ಒಂದು ಎಂದೇ ಬಂದಿದೆ.

ಮನೆ, ಅಂಗಡಿಯಲ್ಲಿ ಏನು ಮಾಡಬೇಕು?

• ಹಸಿಯಾಗಿ ತಿನ್ನುವುದರ ಮೇಲೆ ಹೆಚ್ಚು ಗಮನ ಇರಲಿ. ಕೊತ್ತಂಬರಿ, ಪುದೀನ, ಕ್ಯಾರೆಟ್, ಮೂಲಂಗಿ, ಸೌತೆಕಾಯಿ, ವೀಳ್ಯದೆಲೆ ಇವನ್ನೆಲ್ಲ ಹರಿಯುವ ನೀರಿನಲ್ಲಿ ಉಜ್ಜಿ ತೊಳೆಯಬೇಕು. ಸೊಪ್ಪನ್ನು ಎಲೆ ಬಿಡಿಸಿ ಎರಡು ಮೂರು ಸಲ. ಕ್ಲೋರಿನ್ ಹಾಕಿದರೆ ಮೊಟ್ಟೆ ಸಾಯುತ್ತದೆ ಎಂದು ನಂಬುವಂತಿಲ್ಲ. ಉಜ್ಜಿ ತೊಳೆದು ಹೋಗಿಸಬೇಕು, ಇಲ್ಲವೇ ಬೇಯಿಸಬೇಕು.

• ಚುರುಮುರಿ, ಕೋಸಂಬರಿ, ಸಲಾಡ್, ಜ್ಯೂಸ್ ಮಾರುವವರು ತರಕಾರಿಯನ್ನು ಹೆಚ್ಚುವ ಮೊದಲೇ ತೊಳೆಯಬೇಕು. ಶೌಚಾಲಯಕ್ಕೆ ಹೋಗಿ ಬಂದಮೇಲೆ ಸೋಪು ಹಾಕಿ, ಉಗುರಿನ ಸಂದಿ ಸಹಿತ ಕೈ ತೊಳೆಯುವುದು ಕಡ್ಡಾಯ. ಆಹಾರ ಸುರಕ್ಷತಾ ನಿಯಮದಂತೆ ಆಹಾರ ಮುಟ್ಟುವ ಕೆಲಸಗಾರರಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಆಗಬೇಕು. ಮಲದಲ್ಲಿ ಬಿಳಿ ತುಂಡು ಕಂಡಿದ್ದರೆ ನಾಚಿಕೆ ಬಿಟ್ಟು ಆಗ ಹೇಳಬೇಕು.

• ಹಂದಿ ಮಾಂಸ ತಿನ್ನುವುದು ತಪ್ಪಲ್ಲ, ಅರೆಬೇಯಿಸುವುದು ತಪ್ಪು. ಪಕ್ಕದ ಕೊಡಗಿನ ಪಂದಿ ಕರಿ ನಿಧಾನವಾಗಿ ಪೂರಾ ಬೇಯುವ ಅಡುಗೆ, ಅದರಲ್ಲಿ ಮರಿ ಉಳಿಯುವುದಿಲ್ಲ. ಮೇಲೆ ಸುಟ್ಟು ಒಳಗೆ ಕೆಂಪಗೆ ಉಳಿದ ತುಂಡಿನದೇ ಭಯ. ಮಾಂಸದಲ್ಲಿ ಅಕ್ಕಿಕಾಳು, ಬಟಾಣಿಯಂಥ ಬಿಳಿ ಗುಳ್ಳೆ ಕಂಡರೆ ಕೊಳ್ಳಬಾರದು, ಮಾರಲೂಬಾರದು.

• ಹಂದಿ ಸಾಕುವವರು ಅವನ್ನು ಬೀದಿಗೆ ಬಿಡಬಾರದು. ಹಂದಿಗೆ ಮನುಷ್ಯನ ಮಲ ಸಿಗದಿದ್ದರೆ ಹುಳದ ಸುತ್ತು ಅಲ್ಲಿಗೇ ಕಡಿಯುತ್ತದೆ. ಹಂದಿಗೆ ಹಾಕಿಸುವ ಲಸಿಕೆಯೂ ಇದೆ. ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಅದನ್ನು ತಯಾರಿಸುತ್ತದೆ. ಪಶುವೈದ್ಯರನ್ನು ಕೇಳಬಹುದು.

ಮೆಡಿಕಲ್ ಶಾಪಿನ ಮಾತ್ರೆ ಸಾಲದು

ಶಾಲೆ, ಅಂಗನವಾಡಿಗಳಲ್ಲಿ ಜಂತುಹುಳ ನಿವಾರಣಾ ದಿನ ಕೊಡುವ ಅಲ್ಬೆಂಡಜೋಲ್ ಮಾತ್ರೆ ಮಣ್ಣಿನಿಂದ ಬರುವ ಜಂತು, ಕೊಕ್ಕೆಹುಳಗಳಿಗಾಗಿ. ಆ ಒಂದೇ ಮಾತ್ರೆಯಿಂದ ಲಾಡಿಹುಳವೂ ಹೋಯಿತು ಎಂದುಕೊಳ್ಳುವಂತಿಲ್ಲ. ಅದಕ್ಕೆ ಪ್ರಾಜಿಕ್ವಾಂಟೆಲ್, ನಿಕ್ಲೋಸಮೈಡ್ ಎಂಬ ಬೇರೆ ಔಷಧಿಗಳಿವೆ. ಮೆದುಳಿನಲ್ಲಿ ಗುಳ್ಳೆ ಇರುವವರು ಹುಳದ ಮಾತ್ರೆಯನ್ನು ತಾವೇ ತಂದು ನುಂಗುವುದು ಅಪಾಯ. ಗುಳ್ಳೆ ಸಾಯುವಾಗ ಸುತ್ತ ಊತ ಬರುತ್ತದೆ. ಅದಕ್ಕೇ ಡಾಕ್ಟರು ಸ್ಟಿರಾಯ್ಡ್ ಮತ್ತು ಫಿಟ್ಸ್ ಮಾತ್ರೆ ಜೊತೆಗೆ ಕೊಡುತ್ತಾರೆ.

ಸ್ಕ್ಯಾನ್‌ನಲ್ಲಿ ಕ್ಷಯದ ಗಂಟೂ ಹೀಗೇ ಕಾಣಬಹುದು. ಎರಡರ ಚಿಕಿತ್ಸೆ ಬೇರೆ. ಆದ್ದರಿಂದ ಮೊದಲ ಫಿಟ್ಸ್ ಬಂದಾಗಲೇ ಕೆ.ಆರ್. ಆಸ್ಪತ್ರೆಯಂಥ ದೊಡ್ಡ ಆಸ್ಪತ್ರೆಗೆ ಹೋಗಿ ತೋರಿಸುವುದು ಸರಿ. ಸಮಾಧಾನದ ಸಂಗತಿಯೂ ಇದೆ. ಭಾರತದಲ್ಲಿ ಹೆಚ್ಚಾಗಿ ಕಾಣುವುದು ಒಂದೇ ಒಂದು ಸಣ್ಣ ಗಂಟು, ಹಲವರಲ್ಲಿ ಅದು ಕೆಲವು ತಿಂಗಳಲ್ಲಿ ಕರಗಿಹೋಗುತ್ತದೆ. ಫಿಟ್ಸ್ ನಿಂತಿದೆ ಎಂದು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು.

ಕಣ್ಣೆದುರೇ ಫಿಟ್ಸ್ ಬಂದರೆ

ಕೈಗೆ ಬೀಗದ ಕೈ, ಕಬ್ಬಿಣ ಕೊಡುವುದರಿಂದ ಏನೂ ಆಗುವುದಿಲ್ಲ. ಬಾಯಿಗೆ ಚಮಚ, ಬಟ್ಟೆ ತುರುಕಬಾರದು, ನೀರು ಹಾಕಬಾರದು. ಅದುಮಿ ಹಿಡಿಯಬಾರದು. ತಲೆಯ ಕೆಳಗೆ ಮೆತ್ತಗಿನದು ಏನಾದರೂ ಇಟ್ಟು, ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು. ಐದು ನಿಮಿಷ ದಾಟಿದರೆ, ಅಥವಾ ಎಚ್ಚರ ಬರುವ ಮೊದಲೇ ಮತ್ತೆ ಬಂದರೆ 108ಕ್ಕೆ ಫೋನ್ ಮಾಡಬೇಕು.

ಮುಚ್ಚಿಡುವ ಕಾಯಿಲೆಯಲ್ಲ

‘ಮದುವೆ ಆಗಲ್ಲ’ ಎಂಬ ಭಯಕ್ಕೆ ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳ ಫಿಟ್ಸನ್ನು ಮುಚ್ಚಿಡುತ್ತಾರೆ, ಚಿಕಿತ್ಸೆ ತಡವಾಗುತ್ತದೆ. ಮೂರ್ಛೆರೋಗ ಇದ್ದವರ ಮದುವೆಗೆ ಅಡ್ಡಿಯಾಗಿದ್ದ ಮಾತನ್ನು ಹಿಂದೂ ವಿವಾಹ ಕಾಯ್ದೆಯಿಂದ 1999ರ ತಿದ್ದುಪಡಿಯಲ್ಲೇ ತೆಗೆದುಹಾಕಲಾಗಿದೆ. ಲಾಡಿಹುಳದಿಂದ ಬಂದ ಫಿಟ್ಸ್ ವಂಶದ ದೋಷವೂ ಅಲ್ಲ, ಯಾರದೋ ಊಟದ ಪಾಪವೂ ಅಲ್ಲ. ಶೌಚಾಲಯ, ಸೋಪು, ತೊಳೆದ ಸೊಪ್ಪು ಈ ಮೂರು ಸರಿಯಿದ್ದರೆ ತಡೆಯಬಹುದಾದ ಕಾಯಿಲೆ ಇದು.