ಅಲಹಾಬಾದಿನ ಮಂಜುಗಡ್ಡೆಯ ಗುಂಡಿಗಳು

ವಸ್ತುವಿನ ಘನ, ದ್ರವ ಮತ್ತು ಅನಿಲ ಸ್ಥಿತಿಗಳನ್ನು ವಿದ್ಯಾರ್ಥಿಗಳಿಗೆ ತಿಳಿಸುವಾಗ ನೀರಿನ ಉದಾಹರಣೆ ತಪ್ಪದೆ ಬರುತ್ತದೆ. ಆದರೆ ಹಿಮ ಬೀಳದ ಗಂಗಾ ಬಯಲಿನಲ್ಲಿ ಅದೇ ನೀರನ್ನು ರಾತ್ರೋರಾತ್ರಿ ಹೆಪ್ಪುಗಟ್ಟಿಸುವುದನ್ನೇ ಕಸುಬಾಗಿಸಿಕೊಂಡಿದ್ದವರು 18ನೆಯ ಶತಮಾನದಲ್ಲಿ ಇದ್ದರೆಂಬ ಸಂಗತಿ ಪಾಠಗಳಲ್ಲಿ ಕಾಣಸಿಗುವುದು ವಿರಳ. ಅಲಹಾಬಾದಿನಲ್ಲಿ ನಡೆಯುತ್ತಿದ್ದ ಈ ಕೆಲಸವನ್ನು ಕಣ್ಣಾರೆ ಕಂಡ ಸರ್ ರಾಬರ್ಟ್ ಬಾರ್ಕರ್ ಎಂಬ ಸೇನಾಧಿಕಾರಿ ಬರೆದ ವಿವರಣೆಯನ್ನು ಲಂಡನ್ನಿನ ರಾಯಲ್ ಸೊಸೈಟಿ 1775ರಲ್ಲಿ ಪ್ರಕಟಿಸಿತು.

ಆ ವಿವರಣೆಯ ಪ್ರಕಾರ, ಬಟ್ಟಬಯಲಿನಲ್ಲಿ ಸುಮಾರು 30 ಅಡಿ ಚೌಕದ, ಎರಡು ಅಡಿ ಆಳದ ಗುಂಡಿಗಳನ್ನು ತೋಡಿ, ಅವುಗಳ ತಳಕ್ಕೆ ಒಣಗಿದ ಕಬ್ಬಿನ ಅಥವಾ ಮುಸುಕಿನ ಜೋಳದ ದಂಟನ್ನು ದಪ್ಪವಾಗಿ ಹಾಸಿ, ಅದರ ಮೇಲೆ ಮೆರುಗು ಹಚ್ಚದ ಮಣ್ಣಿನ ತಟ್ಟೆಗಳನ್ನು ಸಾಲಾಗಿ ಜೋಡಿಸುತ್ತಿದ್ದರು. ಒಂದೂಕಾಲು ಅಂಗುಲ ಆಳದ ಆ ತಟ್ಟೆಗಳ ಮಣ್ಣು ಎಷ್ಟು ಸರಂಧ್ರವಾಗಿತ್ತೆಂದರೆ ಒಳಗಿನ ನೀರು ಹೊರಮೈಗೆ ಜಿನುಗುವುದು ಕಣ್ಣಿಗೇ ಕಾಣುತ್ತಿತ್ತು. ಕುದಿಸಿ ಆರಿಸಿದ ನೀರನ್ನು ಮುಸ್ಸಂಜೆಯಲ್ಲಿ ಅವುಗಳಿಗೆ ತುಂಬಿಟ್ಟು, ಹೊತ್ತು ಮೂಡುವ ಮೊದಲೇ ಬಂದು ಕಟ್ಟಿದ ಗಡ್ಡೆಯನ್ನು ಎತ್ತಿಕೊಳ್ಳುತ್ತಿದ್ದರು.

ಸುತ್ತಲಿನ ಗಾಳಿ ಸೊನ್ನೆ ಡಿಗ್ರಿಗೆ ಇಳಿಯದ ರಾತ್ರಿಗಳಲ್ಲೂ ನೀರು ಗಡ್ಡೆಯಾಗುತ್ತಿದ್ದುದು ವಿದ್ವಾಂಸರನ್ನು ಬಹುಕಾಲ ಕಾಡಿತು. ತಟ್ಟೆಯ ಮೈಯಿಂದ ನೀರು ಆವಿಯಾಗುವಾಗ, ಅಂದರೆ ದ್ರವಸ್ಥಿತಿಯಿಂದ ಅನಿಲಸ್ಥಿತಿಗೆ ಹೋಗುವಾಗ, ಉಳಿದ ನೀರಿನ ಶಾಖವನ್ನು ಹೀರಿಕೊಂಡು ಹೋಗುವುದೇ ಇದಕ್ಕೆ ಕಾರಣವೆಂದು ಹಲವರು ನಂಬಿದ್ದರು. ಇಬ್ಬನಿಯನ್ನು ಕುರಿತ ತಮ್ಮ 1814ರ ಗ್ರಂಥದಲ್ಲಿ ವಿಲಿಯಂ ಚಾರ್ಲ್ಸ್ ವೆಲ್ಸ್ ಈ ನಂಬಿಕೆಯನ್ನು ಒಪ್ಪದೆ, ಮೋಡವಿಲ್ಲದ ರಾತ್ರಿಯಲ್ಲಿ ನೀರು ತನ್ನ ಶಾಖವನ್ನು ಆಕಾಶದತ್ತ ಚೆಲ್ಲುತ್ತದೆ, ಅಂದರೆ ವಿಕಿರಣದ ಮೂಲಕ ಕಳೆದುಕೊಳ್ಳುತ್ತದೆ, ಎಂದು ವಿವರಿಸಿದರು. ಕೆಲಸಗಾರರ ರೂಢಿಯೇ ಅವರ ವಾದಕ್ಕೆ ಬಲವಾದ ಆಧಾರವಾಯಿತು: ಆವಿಯಾಗುವಿಕೆಯೇ ಮುಖ್ಯವಾಗಿದ್ದರೆ ಒದ್ದೆ ಹಾಸು ಹೆಚ್ಚು ಅನುಕೂಲವಾಗಬೇಕಿತ್ತು, ಆದರೆ ಅವರು ಹಾಸು ಒಣಗಿಯೇ ಇರಬೇಕೆಂದು ಎಚ್ಚರ ವಹಿಸುತ್ತಿದ್ದರು, ಏಕೆಂದರೆ ನೆಲದ ಶಾಖವನ್ನು ತಟ್ಟೆಗೆ ಏರಗೊಡದಂತೆ ತಡೆಯುತ್ತಿದ್ದುದು ಒಣ ಹಾಸೇ. ಅಕ್ಷರದಲ್ಲಿ ದಾಖಲಾಗದ ಈ ಅರಿವನ್ನು ವಿಜ್ಞಾನದ ಚರಿತ್ರೆಯಲ್ಲಿ ಸೇರಿಸಿಕೊಳ್ಳದಿರುವುದು ಅನ್ಯಾಯವೇ ಸರಿ.

ಗಡ್ಡೆ ಕಟ್ಟಿಸುವುದಕ್ಕಿಂತ ಅದನ್ನು ಬೇಸಿಗೆಯವರೆಗೆ ಉಳಿಸಿಕೊಳ್ಳುವುದು ಕಠಿನವಾಗಿತ್ತು. ಹದಿನಾಲ್ಕು ಹದಿನೈದು ಅಡಿ ಆಳದ ಇನ್ನೊಂದು ಗುಂಡಿಗೆ ಹುಲ್ಲು ಮತ್ತು ಒರಟು ಕಂಬಳಿಯ ಒಳಹೊದಿಕೆ ಮಾಡಿ, ಗಡ್ಡೆಯ ಚೂರುಗಳು ಒಂದೇ ಮುದ್ದೆಯಾಗುವಂತೆ ದಮ್ಮಸು ಮಾಡಿ ಬಾಯಿ ಮುಚ್ಚುತ್ತಿದ್ದರು. ಮುಚ್ಚಿಟ್ಟದ್ದು ಬೇಗನೆ ಕರಗಿಹೋಗದಿರಲು ಮಂಜುಗಡ್ಡೆಯ ಗುಣವೊಂದು ನೆರವಾಗುತ್ತಿತ್ತು. ಸೊನ್ನೆ ಡಿಗ್ರಿ ಸೆಲ್ಸಿಯಸ್‌ನಲ್ಲಿರುವ ಒಂದು ಗ್ರಾಂ ಗಡ್ಡೆ ಅದೇ ಉಷ್ಣತೆಯ ನೀರಾಗಿ ಮಾರ್ಪಡಲು ಸುಮಾರು 80 ಕ್ಯಾಲೊರಿ ಶಾಖ ಬೇಕು. ಅಷ್ಟೇ ಶಾಖ ಆ ನೀರನ್ನು 80 ಡಿಗ್ರಿಯವರೆಗೆ ಕಾಯಿಸಬಲ್ಲದು. ಉಷ್ಣಮಾಪಕದಲ್ಲಿ ಕಾಣದೆ, ಸ್ಥಿತಿಯ ಬದಲಾವಣೆಗೆ ಮಾತ್ರ ವ್ಯಯವಾಗುವ ಈ ಶಾಖವನ್ನು ಗುಪ್ತೋಷ್ಣ ಎನ್ನುತ್ತಾರೆ. 1760ರ ದಶಕದ ಆರಂಭದಲ್ಲಿ ಗ್ಲಾಸ್ಗೋದ ಜೋಸೆಫ್ ಬ್ಲ್ಯಾಕ್ ಇದನ್ನು ಪ್ರಯೋಗಗಳಿಂದ ತೋರಿಸಿದ್ದರು.

ಇದೇ ಗುಣದಿಂದಾಗಿ, ಬಾಸ್ಟನ್ನಿನ ವ್ಯಾಪಾರಿ ಫ್ರೆಡರಿಕ್ ಟ್ಯೂಡರ್ 1833ರಲ್ಲಿ ಟಸ್ಕನಿ ಎಂಬ ಹಡಗಿನಲ್ಲಿ ಸುಮಾರು 180 ಟನ್ ಮಂಜುಗಡ್ಡೆಯನ್ನು ಕಲ್ಕತ್ತೆಗೆ ಕಳುಹಿಸಿದಾಗ, ಸಮಭಾಜಕ ವೃತ್ತವನ್ನು ಎರಡು ಬಾರಿ ದಾಟಿದ ನಾಲ್ಕು ತಿಂಗಳ ಪಯಣದ ಕೊನೆಗೂ ಸುಮಾರು 100 ಟನ್ ಉಳಿದಿತ್ತು. ಅಮೆರಿಕದ ಸರೋವರಗಳ ಈ ಗಟ್ಟಿ, ತಿಳಿಯಾದ ಗಡ್ಡೆಯ ಮುಂದೆ ತಟ್ಟೆಯ ತೆಳು ಗಡ್ಡೆ ಮಾರುಕಟ್ಟೆಯಲ್ಲಿ ನಿಲ್ಲಲಾಗಲಿಲ್ಲ. ಮದರಾಸಿನ ಕಡಲತೀರದಲ್ಲಿ ಅಮೆರಿಕದ ಗಡ್ಡೆಯ ದಾಸ್ತಾನಿಗೆಂದೇ 1842ರಲ್ಲಿ ಕಟ್ಟಿದ ಐಸ್ ಹೌಸ್ ಈಗ ವಿವೇಕಾನಂದರ ಸ್ಮಾರಕವಾಗಿದೆ. ಟ್ಯೂಡರನ ವ್ಯಾಪಾರವೂ ಬಹಳ ಕಾಲ ಉಳಿಯಲಿಲ್ಲ; 1878ರಲ್ಲಿ ಕಲ್ಕತ್ತೆಯಲ್ಲಿ ಬೆಂಗಾಲ್ ಐಸ್ ಕಂಪನಿ ಆರಂಭವಾದ ಮೇಲೆ ಕೆಲವೇ ವರ್ಷಗಳಲ್ಲಿ ಯಂತ್ರದ ಮಂಜುಗಡ್ಡೆ ಅದರ ಜಾಗವನ್ನು ಹಿಡಿಯಿತು.